ಸೀಸೆಯ ಮೇಲಿನ ಸಣ್ಣ ಅಕ್ಷರ

ವಿದ್ಯಾರ್ಥಿಗಳು ಓದುವ ಪತ್ರಿಕೆಯಲ್ಲಿ ಮದ್ಯದಂಗಡಿಯ ಮಾತನ್ನೆತ್ತುವುದು ಉಚಿತವೇ ಎಂದು ಕೆಲವು ವಾಚಕರಿಗೆ ಅನ್ನಿಸಬಹುದು. ಆ ಶಂಕೆ ನನಗೂ ಬಂದಿತ್ತು. ಕರ್ನಾಟಕದ ಅಬಕಾರಿ ನಿಯಮಗಳು 21 ವರ್ಷ ತುಂಬದವರಿಗೆ ಮದ್ಯ ಮಾರುವುದನ್ನು ನಿಷೇಧಿಸುತ್ತವೆ. ಈ ಪುಟವನ್ನು ಓದುವವರಲ್ಲಿ ಬಹುಮಂದಿ ಆ ವಯಸ್ಸನ್ನು ಮುಟ್ಟಿದವರಲ್ಲ. ಆದರೆ ಅಂತಹ ಅಂಗಡಿಯೊಂದರ ಮುಂದೆ ಹಾದುಹೋಗದೆ ಶಾಲೆಯನ್ನೋ ಕಾಲೇಜನ್ನೋ ಸೇರುವ ವಿದ್ಯಾರ್ಥಿಗಳು ಚಿತ್ರದುರ್ಗದಲ್ಲಾಗಲಿ ಹಿರಿಯೂರಿನಲ್ಲಾಗಲಿ ಎಷ್ಟು ಮಂದಿ ಇದ್ದಾರು? ಮದುವೆಯೂಟ ಮುಗಿಸಿ ರಾತ್ರಿ ಅಣ್ಣನ ಮೋಟಾರ್ ಸೈಕಲಿನ ಹಿಂದೆ ಕುಳಿತು ಊರಿಗೆ ಮರಳುವ ತಂಗಿಗೆ, ಅಣ್ಣನು ಕುಡಿದದ್ದು “ಬರೀ ಬಿಯರು” ಎಂಬ ಮಾತಿನ ತೂಕವೆಷ್ಟು ಎಂದು ತಿಳಿದಿರಬೇಡವೇ? ಆ ತೂಕವನ್ನು ಕಂಡುಹಿಡಿಯುವುದಕ್ಕೆ ಬೇಕಾದ ಗಣಿತವು ಎಂಟನೆಯ ತರಗತಿಯದು, ರಸಾಯನಶಾಸ್ತ್ರವು ಹತ್ತನೆಯ ತರಗತಿಯದು. ಆದುದರಿಂದ ಈ ವಿಷಯವನ್ನು ಇಲ್ಲಿ ಪ್ರಸ್ತಾಪಿಸುವುದರಲ್ಲಿ ಅನೌಚಿತ್ಯವೇನೂ ಇಲ್ಲವೆಂದು ಧೈರ್ಯ ತಂದುಕೊಂಡಿದ್ದೇನೆ.

ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನನ್ನ ಅಕ್ಕನ ಮಗನು ಬಂಧುಗಳ ಮದುವೆಗೆಂದು ಊರಿಗೆ ಬಂದಿದ್ದನು. ಮದುವೆ ಹೊಳಲ್ಕೆರೆಯಲ್ಲಿ, ಹುಡುಗಿಯ ಕಡೆಯವರು ಹೊಸದುರ್ಗದವರು. ಹೀಗಾಗಿ ಎರಡು ದಿನ ಅವನ ಕಾರಿನಲ್ಲಿ ನಾಲ್ಕು ಊರುಗಳನ್ನು ಸುತ್ತುವ ಯೋಗ ನನಗೆ ಒದಗಿತು. ಹಿರಿಯೂರಿನಲ್ಲಿಯೇ ಅವನು ತನ್ನ ಸಂಕಲ್ಪವನ್ನು ತಿಳಿಸಿದನು.

“ಮಾವ, ನಮ್ಮೂರ ಕಡೆ ಕ್ರಾಫ್ಟ್ ಬಿಯರ್ ಎಲ್ಲಾದರೂ ಸಿಗುತ್ತದೆಯೇ ನೋಡಬೇಕು.”

“ಹಾಗೆಂದರೇನಪ್ಪ?”

“ಕೈಯಲ್ಲಿ ಮಾಡಿದ ಹಾಗೆ, ಚಿಕ್ಕ ಪ್ರಮಾಣದಲ್ಲಿ, ಒಳ್ಳೆಯ ಧಾನ್ಯ ಹಾಕಿ ಮಾಡಿದ್ದು. ಕಾರ್ಖಾನೆಯ ಮಾಲಲ್ಲ.”

ನಾನು ಕುಡಿಯುವವನಲ್ಲ. ಆದರೆ ಮೂವತ್ತು ವರ್ಷ ರಸಾಯನಶಾಸ್ತ್ರವನ್ನು ಕಲಿಸಿದವನಿಗೆ ಸೀಸೆಗಳನ್ನು ನೋಡುವ ಕುತೂಹಲ ಹೋಗುವುದಿಲ್ಲ. ಅವನ ಸಂಗಡ ನಾಲ್ಕೂ ಊರುಗಳ ಅಂಗಡಿಗಳ ಕಟಕಟೆಯ ಮುಂದೆ ನಿಂತೆ. ಹಿರಿಯೂರಿನಲ್ಲಿ ಅಂಗಡಿಯವರಿಗೆ ಆ ಹೆಸರು ತಿಳಿಯಲಿಲ್ಲ. ಹೊಸದುರ್ಗದಲ್ಲಿ, “ಅದು ಬೆಂಗಳೂರಿನಲ್ಲಿ ಬಡಿಸೋದು ಸಾರ್, ಬಾಟ್ಲಿಯಲ್ಲಿ ಬರಲ್ಲ” ಎಂಬ ಖಚಿತವಾದ ಉತ್ತರ ದೊರೆಯಿತು. ಹೊಳಲ್ಕೆರೆಯಲ್ಲಿ ಮಾತನಾಡಿಸುವುದಕ್ಕೆ ಪುರುಸೊತ್ತಿರಲಿಲ್ಲ, ಅಂದು ಸಂತೆ. ಚಿತ್ರದುರ್ಗದ ಒಂದು ಅಂಗಡಿಯಲ್ಲಿ ಮಾತ್ರ ಶೀತಪೆಟ್ಟಿಗೆಯ ಮೂಲೆಯಿಂದ 500 ಮಿಲಿಲೀಟರಿನ ಒಂದು ಡಬ್ಬಿ ಹೊರಬಂದಿತು. ಗೋಧಿಯ ಬಿಯರೆಂದೂ ಕ್ರಾಫ್ಟ್ ಎಂದೂ ಅದರ ಮೇಲೆ ಬರೆದಿತ್ತು. ಅದನ್ನು ಎತ್ತಿಕೊಟ್ಟ ಯುವಕನು ನನ್ನ ಹಳೆಯ ವಿದ್ಯಾರ್ಥಿ. ನನ್ನನ್ನು ಅಲ್ಲಿ ಕಂಡು ಅವನಿಗಾದ ಸಂಕೋಚ ನನಗಾದುದಕ್ಕಿಂತ ಹೆಚ್ಚಿನದು.

“ಇದನ್ನ ಯಾರೂ ಕೇಳಲ್ಲ ಸಾರ್. ಹತ್ತು ಜನ ಬಂದರೆ ಒಂಬತ್ತು ಜನ ಸ್ಟ್ರಾಂಗೇ ಕೇಳೋದು” ಎಂದನು.

ಈ ‘ಕ್ರಾಫ್ಟ್’ ಎಂಬ ಶಬ್ದದ ಹಿನ್ನೆಲೆಯನ್ನು ಒಂದಿಷ್ಟು ಹೇಳಬೇಕು. 1978ರಲ್ಲಿ ಅಮೆರಿಕದ ಅಧ್ಯಕ್ಷ ಕಾರ್ಟರ್ ಅವರು ಮನೆಯ ಬಳಕೆಗಾಗಿ ಬಿಯರ್ ತಯಾರಿಸುವುದಕ್ಕೆ ಅವಕಾಶ ನೀಡುವ ಶಾಸನಕ್ಕೆ ಸಹಿ ಮಾಡಿದರು. ಮನೆಯ ಹಿತ್ತಲಲ್ಲಿ ಕಲಿತವರು ಮುಂದೆ ಚಿಕ್ಕ ಚಿಕ್ಕ ತಯಾರಿಕಾ ಕೇಂದ್ರಗಳನ್ನು ತೆರೆದರು. ದೊಡ್ಡ ಕಾರ್ಖಾನೆಗಳ ಏಕರುಚಿಯಿಂದ ಬೇಸತ್ತವರು ಅವುಗಳನ್ನು ಪೋಷಿಸಿದರು. ಬೆಂಗಳೂರಿಗೆ ಈ ಗಾಳಿ ಬೀಸಿದ್ದು ಮೂವತ್ತು ವರ್ಷಗಳ ತರುವಾಯ. 2011ರಲ್ಲಿ ‘ದಿ ಬಿಯರ್ ಕ್ಲಬ್’ ವಿಠಲ್ ಮಲ್ಯ ರಸ್ತೆಯಲ್ಲಿ ಪ್ರಾರಂಭವಾಯಿತು. ಅನಂತರ ಅಂತಹವು ಒಂದರ ಹಿಂದೊಂದು ಹುಟ್ಟಿದವು. ಅಲ್ಲಿ ತಯಾರಾದುದನ್ನು ಬಹುಮಟ್ಟಿಗೆ ಅಲ್ಲಿಯೇ ಬಡಿಸುತ್ತಾರೆ. ಹೊಸದುರ್ಗದ ಅಂಗಡಿಯವರು ಹೇಳಿದುದು ಸರಿಯೇ.

ಚಿಕ್ಕದೆಂದರೆ ಎಷ್ಟು ಚಿಕ್ಕದು? ಅಮೆರಿಕದ ತಯಾರಕರ ಸಂಘವು ವರ್ಷಕ್ಕೆ 60 ಲಕ್ಷ ಪೀಪಾಯಿಗಳವರೆಗೆ ತಯಾರಿಸುವವರನ್ನು ಚಿಕ್ಕವರೆಂದು ಪರಿಗಣಿಸುತ್ತದೆ. ಅದು ಸುಮಾರು 70 ಕೋಟಿ ಲೀಟರು! ಶಬ್ದಗಳನ್ನು ನಂಬಿ ವ್ಯಾಪಾರಕ್ಕೆ ಹೊರಟರೆ ಹೀಗಾಗುತ್ತದೆ. ‘ಕ್ರಾಫ್ಟ್’ ಎಂಬುದು ಅಭಿರುಚಿಯ ಮಾತು, ‘ಸ್ಟ್ರಾಂಗ್’ ಎಂಬುದು ಜಂಬದ ಮಾತು, ‘ಬರೀ ಬಿಯರು’ ಎಂಬುದು ಸಮಾಧಾನದ ಮಾತು. ಇವುಗಳಲ್ಲಿ ಒಂದೂ ಅಳತೆಯ ಮಾತಲ್ಲ.

ಅಳತೆಯಿಂದ ದೂರವಿರುವ ಪದಾರ್ಥವೇ ಬಿಯರು ಎಂದು ಭಾವಿಸಬಾರದು. ನಿಜವಾಗಿ ನೋಡಿದರೆ, ವಿಜ್ಞಾನವು ಇಷ್ಟು ಸೂಕ್ಷ್ಮವಾಗಿ ಅಳೆದುನೋಡಿದ ಪಾನೀಯ ಇನ್ನೊಂದಿರಲಾರದು. ಬಾರ್ಲಿಯ ಕಾಳುಗಳನ್ನು ನೆನೆಸಿ ಮೊಳಕೆ ಬರಿಸಿದರೆ ಅವುಗಳಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಮೊಳೆತ ಕಾಳನ್ನು ಒಣಗಿಸಿ, ಒಡೆದು, ಬಿಸಿನೀರಿನಲ್ಲಿ ಕದಡಿದಾಗ ಈ ಕಿಣ್ವವು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಆ ಸಿಹಿನೀರನ್ನು ಹಾಪ್ಸ್ ಎಂಬ ಬಳ್ಳಿಯ ಹೂವಿನೊಡನೆ ಕುದಿಸಿ, ಆರಿಸಿ, ಯೀಸ್ಟನ್ನು ಬೆರೆಸುತ್ತಾರೆ. ಯೀಸ್ಟು ಸಕ್ಕರೆಯನ್ನು ಮದ್ಯಸಾರವನ್ನಾಗಿಯೂ ಇಂಗಾಲದ ಡೈ ಆಕ್ಸೈಡನ್ನಾಗಿಯೂ ಪರಿವರ್ತಿಸುತ್ತದೆ. ಹಾಪ್ಸ್ ಕಹಿಯನ್ನು ಕೊಡುವುದಲ್ಲದೆ, ಹುಳಿ ಹಿಡಿಸುವ ಬ್ಯಾಕ್ಟೀರಿಯಗಳನ್ನು ದೂರವಿಡುತ್ತದೆ.

ನಮ್ಮ ತಾಯಂದಿರು ರಾಗಿಯನ್ನು ನೆನೆಸಿ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ ಎಳೆಗೂಸುಗಳಿಗೆ ಸರಿ ಮಾಡಿ ಉಣ್ಣಿಸುವಾಗ ಇದೇ ಕ್ರಿಯೆಯ ಮೊದಲರ್ಧವನ್ನು ನಡೆಸುತ್ತಾರೆ. ಮೊಳೆತ ರಾಗಿಯ ಗಂಜಿ ತೆಳ್ಳಗಾಗುವುದು ಅಮೈಲೇಸಿನ ಮಹಿಮೆಯಿಂದಲೇ. ಉಗಾಂಡದಲ್ಲಿಯೂ, ನೇಪಾಳ ಸಿಕ್ಕಿಮಿನ ಬೆಟ್ಟಗಳಲ್ಲಿಯೂ ರಾಗಿಯಿಂದಲೇ ಒಂದು ಬಗೆಯ ಬಿಯರನ್ನು ಮಾಡುತ್ತಾರೆ; ಸಿಕ್ಕಿಮಿನಲ್ಲಿ ಅದನ್ನು ಬಿದಿರಿನ ಪಾತ್ರೆಯಲ್ಲಿ ಬಿಸಿನೀರು ಹಾಕಿ ನಳಿಗೆಯಿಂದ ಹೀರುವುದುಂಟು. ರಾಗಿಯ ಸೀಮೆಯಾದ ನಮ್ಮಲ್ಲಿ ಅಂಗಡಿಯ ಡಬ್ಬಿ ಗೋಧಿಯ ಹೆಸರಿನಲ್ಲಿ ಬಂದಿತೆಂಬುದು ತಮಾಷೆಯ ಸಂಗತಿ. ಇದು ಪ್ರಾಸಂಗಿಕವಾಗಿ ಹೇಳಿದ ಮಾತು.

1876ರಲ್ಲಿ ಲೂಯಿ ಪಾಶ್ಚರನು ಬಿಯರಿನ ಬಗೆಗೇ ಒಂದು ಗ್ರಂಥವನ್ನು ಬರೆದು, ಅದು ಕೆಡುವುದು ಬೇಡದ ಸೂಕ್ಷ್ಮಜೀವಿಗಳಿಂದ ಎಂದು ತೋರಿಸಿದನು. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಹ್ಯಾನ್ಸನ್ ಎಂಬವನು ಒಂದೇ ಯೀಸ್ಟ್ ಕೋಶದಿಂದ ಶುದ್ಧ ತಳಿಯನ್ನು ಬೆಳೆಸಿದನು. ಅದೇ ಪ್ರಯೋಗಶಾಲೆಯ ಸೋರೆನ್‌ಸನ್ 1909ರಲ್ಲಿ ಆಮ್ಲತೆಯನ್ನು ಅಳೆಯುವ ಪಿಎಚ್ ಮಾನವನ್ನು ರೂಪಿಸಿದನು. ನೀವು ಪ್ರಯೋಗಶಾಲೆಯಲ್ಲಿ ಬಣ್ಣದ ಕಾಗದವನ್ನು ಅದ್ದಿ ನೋಡುತ್ತೀರಲ್ಲ, ಅದರ ಹುಟ್ಟು ಬಿಯರಿನ ಮನೆಯಲ್ಲಿ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರವನ್ನು ಓದುವವರು ‘ಸ್ಟೂಡೆಂಟ್’ ಎಂಬ ಕಾವ್ಯನಾಮದವನ ಟಿ-ಪರೀಕ್ಷೆಯನ್ನು ಬಲ್ಲರು. 1908ರಲ್ಲಿ ಆ ಲೇಖನವನ್ನು ಪ್ರಕಟಿಸಿದ ಗೊಸೆಟ್ ಎಂಬವನು ಡಬ್ಲಿನ್ನಿನ ಗಿನ್ನೆಸ್ ಕಾರ್ಖಾನೆಯ ನೌಕರ. ಕೆಲವೇ ಮಾದರಿಗಳನ್ನು ಪರೀಕ್ಷಿಸಿ ಇಡೀ ರಾಶಿಯ ಬಗೆಗೆ ಎಷ್ಟು ವಿಶ್ವಾಸದಿಂದ ಮಾತನಾಡಬಹುದೆಂಬುದು ಅವನ ಸಮಸ್ಯೆಯಾಗಿತ್ತು.

ತಯಾರಿಸುವವನು ತೊಟ್ಟಿಯಲ್ಲಿನ ಸಿಹಿನೀರಿನ ಸಾಂದ್ರತೆಯನ್ನು ಹೈಡ್ರೋಮೀಟರಿನಿಂದ ಅಳೆಯುತ್ತಾನೆ. ಹಾಲಿನ ಡೈರಿಯಲ್ಲಿ ಲ್ಯಾಕ್ಟೋಮೀಟರನ್ನು ತೇಲಿಬಿಡುವಂತೆ. ಮೊದಲು 1.048 ಇದ್ದದ್ದು ಹುದುಗಿದ ಮೇಲೆ 1.010ಕ್ಕೆ ಇಳಿಯಿತೆನ್ನಿ. ವ್ಯತ್ಯಾಸವನ್ನು ಸುಮಾರು 131ರಿಂದ ಗುಣಿಸಿದರೆ ಶೇಕಡಾ 5 ಎಂದು ಮದ್ಯಸಾರದ ಪ್ರಮಾಣ ತಿಳಿಯುತ್ತದೆ. ದಶಮಾಂಶದ ಮೂರನೆಯ ಸ್ಥಾನದವರೆಗೆ ಅವನಿಗೆ ಲೆಕ್ಕ ಗೊತ್ತು.

ಈಗ ಚಿತ್ರದುರ್ಗದ ಕಟಕಟೆಗೆ ಹಿಂದಿರುಗೋಣ. ಒಂಬತ್ತು ಜನ ಕೇಳುವ ಆ ‘ಸ್ಟ್ರಾಂಗ್’ ಬಿಯರಿನ 650 ಮಿಲಿಲೀಟರಿನ ಸೀಸೆಯೊಂದನ್ನು ಕೈಗೆ ತೆಗೆದುಕೊಂಡು ಕನ್ನಡಕವನ್ನು ಸರಿಪಡಿಸಿಕೊಂಡೆ. ಹೆಸರು ಹೆಬ್ಬೆರಳಿನಷ್ಟು ದಪ್ಪ. ಮದ್ಯಸಾರದ ಸಾಲು ಎಳ್ಳಿನಷ್ಟು ಸಣ್ಣದು, ಅದೂ ಇಂಗ್ಲಿಷಿನಲ್ಲಿ. ಮತ್ತು ಅದು ಹೇಳಿದ್ದಿಷ್ಟು: ಗಾತ್ರದಲ್ಲಿ ಶೇಕಡಾ 5ಕ್ಕಿಂತ ಹೆಚ್ಚು, 8ಕ್ಕೆ ಮೀರದಂತೆ. ಮೂರನೆಯ ದಶಮಾಂಶದವರೆಗೆ ಬಲ್ಲವನು ಕೊಳ್ಳುವವನಿಗೆ ಹೇಳುವುದು ‘ಐದರಿಂದ ಎಂಟು’! ಒಂದು ಕಿಲೋ ಬೆಲ್ಲಕ್ಕೆ ಹಣ ತೆತ್ತವನಿಗೆ, “ಇದು ಒಂದರಿಂದ ಒಂದೂವರೆ ಕಿಲೋ ಇರಬಹುದು” ಎಂದರೆ ಅವನು ಸಂತೋಷಪಟ್ಟಾನು. ಇಲ್ಲಿ ಹೆಚ್ಚು ಬಂದರೆ ಸಂತೋಷಪಡಬೇಕಾದದ್ದು ಏನೂ ಇಲ್ಲ. ಕೆಲವು ಸೀಸೆಗಳು ಒಂದೇ ಅಂಕಿಯನ್ನು ನಮೂದಿಸುತ್ತವೆಂಬುದನ್ನೂ, ಆ ಕ್ರಾಫ್ಟ್ ಡಬ್ಬಿಯ ಮೇಲೆ ಶೇಕಡಾ 5 ಎಂದೇ ಇತ್ತೆಂಬುದನ್ನೂ ನ್ಯಾಯಕ್ಕಾಗಿ ಹೇಳಬೇಕು.

ನನ್ನ ಜೇಬಿನಲ್ಲಿದ್ದ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಲೆಕ್ಕ ಬರೆದೆ. ವಾಚಕರೂ ಬರೆದು ನೋಡಲಿ. 650 ಮಿಲಿಲೀಟರಿನಲ್ಲಿ ಶೇಕಡಾ 8 ಎಂದರೆ 52 ಮಿಲಿಲೀಟರು ಶುದ್ಧ ಮದ್ಯಸಾರ. ಮದ್ಯಸಾರವು ನೀರಿಗಿಂತ ಹಗುರ. ಅದರ ಸಾಂದ್ರತೆ ಮಿಲಿಲೀಟರಿಗೆ 0.789 ಗ್ರಾಂ. ಗುಣಿಸಿದರೆ 41 ಗ್ರಾಂ ಬರುತ್ತದೆ. ಅದೇ ಸೀಸೆಯಲ್ಲಿ ಶೇಕಡಾ 5 ಇದ್ದಿದ್ದರೆ ಸುಮಾರು 26 ಗ್ರಾಂ. 500 ಮಿಲಿಲೀಟರಿನ ಕ್ರಾಫ್ಟ್ ಡಬ್ಬಿಯಲ್ಲಿ ಸುಮಾರು 20 ಗ್ರಾಂ. ಇನ್ನು ವಿಸ್ಕಿ. ನಮ್ಮ ದೇಶದಲ್ಲಿ ಅದು ಸಾಮಾನ್ಯವಾಗಿ ಶೇಕಡಾ 42.8ರ ಬಲದ್ದು. 60 ಮಿಲಿಲೀಟರಿನ ಒಂದು ದೊಡ್ಡ ಪೆಗ್ಗಿನಲ್ಲಿ ಮದ್ಯಸಾರ ಸುಮಾರು 20 ಗ್ರಾಂ.

ನನ್ನ ಸೋದರಳಿಯನು ಚೀಟಿಯನ್ನು ಎರಡು ಸಲ ಓದಿದನು. ಒಂದು ಸ್ಟ್ರಾಂಗ್ ಬಿಯರ್ ಸೀಸೆಯೆಂದರೆ ಎರಡು ದೊಡ್ಡ ಪೆಗ್ ವಿಸ್ಕಿ. ಎರಡು ಸೀಸೆಯೆಂದರೆ ನಾಲ್ಕು. “ವಿಸ್ಕಿ ಮುಟ್ಟುವುದಿಲ್ಲ, ಬಿಯರ್ ಮಾತ್ರ” ಎಂದು ಮನೆಯಲ್ಲಿ ಹೇಳಿ ಮೆಚ್ಚಿಗೆ ಪಡೆಯುವ ಯುವಕರು ಅವನ ಗೆಳೆಯರಲ್ಲಿಯೂ ಇದ್ದಾರಂತೆ. ಮದ್ಯಸಾರವು ಬಾರ್ಲಿಯಿಂದ ಬಂದಿತೋ, ಕಾಕಂಬಿಯಿಂದ ಬಂದಿತೋ, ಕುಶಲಿಗಳ ಕೈಯಿಂದ ಬಂದಿತೋ ಎಂದು ಯಕೃತ್ತು ವಿಚಾರಿಸುವುದಿಲ್ಲ. ಅದಕ್ಕೆ ಗೊತ್ತಿರುವುದು ಗ್ರಾಮು ಮಾತ್ರ.

ಗ್ರಾಮುಗಳನ್ನು ದೇಹ ಹೇಗೆ ಕಾಣುತ್ತದೆಂಬುದನ್ನು ಸ್ವೀಡನ್ನಿನ ವಿಡ್‌ಮಾರ್ಕ್ ಎಂಬ ವಿಜ್ಞಾನಿ 1932ರಲ್ಲಿ ಒಂದು ಸರಳ ಸೂತ್ರಕ್ಕೆ ಇಳಿಸಿದನು. ಮದ್ಯಸಾರವು ದೇಹದ ನೀರಿನಲ್ಲಿ ಹರಡಿಕೊಳ್ಳುತ್ತದೆ. ಗಂಡಸರ ತೂಕವನ್ನು ಸುಮಾರು 0.68ರಿಂದಲೂ, ಹೆಂಗಸರ ತೂಕವನ್ನು ಸುಮಾರು 0.55ರಿಂದಲೂ ಗುಣಿಸಿ, ಕುಡಿದ ಗ್ರಾಮುಗಳನ್ನು ಆ ಮೊತ್ತದಿಂದ ಭಾಗಿಸಬೇಕು. 60 ಕಿಲೋ ತೂಕದ ಯುವಕನಿಗೆ 60ನ್ನು 0.68ರಿಂದ ಗುಣಿಸಿದರೆ ಸುಮಾರು 41. ಅವನು ಬೇಗಬೇಗನೆ ಕುಡಿದು ಮುಗಿಸಿದ ಸೀಸೆಯಲ್ಲಿ ಇದ್ದದ್ದೂ 41 ಗ್ರಾಂ. ಅಂದರೆ ಒಂದು ಕಿಲೋ ರಕ್ತಕ್ಕೆ ಒಂದು ಗ್ರಾಂ. 100 ಮಿಲಿಲೀಟರು ರಕ್ತದಲ್ಲಿ ಸ್ಥೂಲವಾಗಿ 100 ಮಿಲಿಗ್ರಾಂ. ನಮ್ಮ ಮೋಟಾರು ವಾಹನಗಳ ಕಾಯಿದೆಯು ಚಾಲಕನಿಗೆ ಇಟ್ಟಿರುವ ಮಿತಿ 30 ಮಿಲಿಗ್ರಾಂ. ಒಂದೇ ಸೀಸೆ, ಮಿತಿಯ ಮೂರು ಪಟ್ಟು! ಊಟದೊಡನೆ ನಿಧಾನವಾಗಿ ಕುಡಿದರೆ ಶಿಖರ ಸ್ವಲ್ಪ ತಗ್ಗುತ್ತದೆ, ವ್ಯಕ್ತಿಯಿಂದ ವ್ಯಕ್ತಿಗೆ ವ್ಯತ್ಯಾಸವೂ ಉಂಟು. ಆದರೆ ಮೂರು ಪಟ್ಟು ಒಂದಾಗುವಷ್ಟು ಅಲ್ಲ.

ಇಳಿಯುವ ಬಗೆಯಂತೂ ಇನ್ನೂ ನಿಷ್ಠುರ. ಯಕೃತ್ತಿನ ಕಿಣ್ವಗಳು ಮದ್ಯಸಾರವನ್ನು ಮೊದಲು ಅಸಿಟಾಲ್ಡಿಹೈಡಾಗಿಯೂ, ಬಳಿಕ ಅಸಿಟಿಕ್ ಆಮ್ಲವಾಗಿಯೂ ಮಾರ್ಪಡಿಸುತ್ತವೆ. ಈ ಕೆಲಸ ಗಂಟೆಗೆ ಸುಮಾರು 15 ಮಿಲಿಗ್ರಾಮಿನ ವೇಗದಲ್ಲಿ ಮಾತ್ರ ಸಾಗುತ್ತದೆ. 100ರಿಂದ 30ಕ್ಕೆ ಇಳಿಯಲು ನಾಲ್ಕೂವರೆ ಗಂಟೆಗಿಂತ ಹೆಚ್ಚು ಕಾಲ ಬೇಕು. ಮಜ್ಜಿಗೆ ಕುಡಿದರೆ ಇಳಿಯುತ್ತದೆ, ನಿಂಬೆಹಣ್ಣು ಚೀಪಿದರೆ ಇಳಿಯುತ್ತದೆ, ತಲೆಯ ಮೇಲೆ ತಣ್ಣೀರು ಸುರಿದುಕೊಂಡರೆ ಇಳಿಯುತ್ತದೆ ಎಂಬ ನಂಬಿಕೆಗಳು ನಮ್ಮ ಕಡೆ ಧಾರಾಳವಾಗಿವೆ. ಇವುಗಳಲ್ಲಿ ಯಾವುದೂ ಆ ಕಿಣ್ವಗಳ ವೇಗವನ್ನು ಹೆಚ್ಚಿಸುವುದಿಲ್ಲ. ಕಾಫಿಯೂ ಅಷ್ಟೆ, ಅದು ನಿದ್ದೆಯನ್ನು ತಡೆಯುತ್ತದೆಯೇ ಹೊರತು ರಕ್ತದ ಮದ್ಯಸಾರವನ್ನಲ್ಲ.

ಇದೆಲ್ಲ ಪುಸ್ತಕದ ಲೆಕ್ಕವಾಗಿ ಉಳಿಯದಿರುವುದು ನಮ್ಮ ಜಿಲ್ಲೆಯ ಭೂಗೋಳದಿಂದ. ಬೆಂಗಳೂರಿನಿಂದ ಪುಣೆಯ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48 ಹಿರಿಯೂರಿನ ಮತ್ತು ಚಿತ್ರದುರ್ಗದ ಮಗ್ಗುಲಲ್ಲಿಯೇ ಸಾಗುತ್ತದೆ. ಹಿರಿಯೂರಿನಲ್ಲಿ ಅದನ್ನು ಬಳ್ಳಾರಿಯ ಕಡೆಯ ಹೆದ್ದಾರಿ 150ಎ ಸಂಧಿಸುತ್ತದೆ. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಸುಮಾರು 40 ಕಿಲೋಮೀಟರು, ಹೆಚ್ಚೆಂದರೆ ಮುಕ್ಕಾಲು ಗಂಟೆಯ ಪ್ರಯಾಣ. ಆ ಮುಕ್ಕಾಲು ಗಂಟೆಯಲ್ಲಿ ರಕ್ತದಿಂದ ಇಳಿಯುವುದು ಹನ್ನೊಂದು ಮಿಲಿಗ್ರಾಮೋ ಹನ್ನೆರಡೋ. ಉಳಿದ ತೊಂಬತ್ತು ಮಿಲಿಗ್ರಾಮನ್ನು ಹೊತ್ತುಕೊಂಡೇ ಅವನು ಕೋಟೆಯ ಬೆಟ್ಟಗಳನ್ನು ಕಾಣುತ್ತಾನೆ, ಕಂಡರೆ.

2016ರ ಡಿಸೆಂಬರ್ 15ರಂದು ಸರ್ವೋಚ್ಚ ನ್ಯಾಯಾಲಯವು ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರಿನೊಳಗೆ ಮದ್ಯದಂಗಡಿಗಳಿರಕೂಡದೆಂದು ತೀರ್ಪು ನೀಡಿತು. ಮುಂದೆ 20,000ಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಅದು 220 ಮೀಟರಾಯಿತು. 2017ರ ಜುಲೈಯಲ್ಲಿ, ಪಟ್ಟಣಗಳ ಪೌರಾಡಳಿತದ ಎಲ್ಲೆಯೊಳಗಿನ ಅಂಗಡಿಗಳಿಗೆ ಈ ನಿಷೇಧ ಅನ್ವಯಿಸುವುದಿಲ್ಲವೆಂಬ ಸ್ಪಷ್ಟನೆಯೂ ಬಂದಿತು. ತೀರ್ಪಿನ ಉದ್ದೇಶ ಶ್ಲಾಘ್ಯವಾದುದೇ. ಆದರೆ 500 ಮೀಟರೆಂದರೆ ಮೋಟಾರ್ ಸೈಕಲಿಗೆ ಅರ್ಧ ನಿಮಿಷದ ಹಾದಿ. ದಾರಿಯನ್ನು ಮೀಟರಿನಲ್ಲಿ ಅಳೆಯುವಷ್ಟೇ ಶ್ರದ್ಧೆಯಿಂದ ಸೀಸೆಯೊಳಗಿನದನ್ನು ಗ್ರಾಮಿನಲ್ಲಿ ಅಳೆದು ತಿಳಿಸಿದ್ದರೆ ಹೆಚ್ಚು ಪ್ರಯೋಜನವಾಗುತ್ತಿತ್ತೆಂದು ನನ್ನ ಅಭಿಪ್ರಾಯ.

ನನ್ನ ಸಲಹೆ ಇದೇ. ಪ್ರತಿಯೊಂದು ಸೀಸೆಯ ಮೇಲೆಯೂ, ಡಬ್ಬಿಯ ಮೇಲೆಯೂ, ಅದರೊಳಗಿರುವ ಶುದ್ಧ ಮದ್ಯಸಾರ ಎಷ್ಟು ಗ್ರಾಂ ಎಂಬುದನ್ನು ಕನ್ನಡದಲ್ಲಿ, ಹೆಸರಿನ ಅರ್ಧದಷ್ಟಾದರೂ ದಪ್ಪವಾದ ಅಕ್ಷರಗಳಲ್ಲಿ, ಒಂದೇ ಖಚಿತವಾದ ಅಂಕಿಯಾಗಿ ಮುದ್ರಿಸಬೇಕು. ‘ಮೀರದಂತೆ’ ಎಂಬ ಮಾತು ಕೂಡದು. ಇದು ಅಸಾಧ್ಯವಾದುದೇನಲ್ಲ. ಆಸ್ಟ್ರೇಲಿಯದಲ್ಲಿ 10 ಗ್ರಾಂ ಮದ್ಯಸಾರವನ್ನು ಒಂದು ಪ್ರಮಾಣವೆಂದು ಇಟ್ಟುಕೊಂಡು, ಸೀಸೆಯಲ್ಲಿ ಅಂತಹ ಪ್ರಮಾಣಗಳು ಎಷ್ಟಿವೆಯೆಂದು 1995ರಿಂದಲೂ ಕಡ್ಡಾಯವಾಗಿ ಮುದ್ರಿಸುತ್ತಿದ್ದಾರೆ. ನಮ್ಮಲ್ಲಿ 2018ರ ಆಹಾರ ಸುರಕ್ಷತಾ ನಿಯಮಗಳು ಮದ್ಯದ ಸೀಸೆಗಳ ಮೇಲೆ ಎಚ್ಚರಿಕೆಯ ವಾಕ್ಯವನ್ನು ಕಡ್ಡಾಯಗೊಳಿಸಿದಾಗ, ರಾಜ್ಯಗಳು ಬಯಸಿದರೆ ಅದನ್ನು ತಮ್ಮ ಭಾಷೆಯಲ್ಲಿ ಮುದ್ರಿಸಬಹುದೆಂದು ಅನುಮತಿಸಿದವು. ಎಚ್ಚರಿಕೆಯ ವಾಕ್ಯ ಕನ್ನಡದಲ್ಲಿ ಬರಬಹುದಾದರೆ ಅಂಕಿಯೂ ಬರಬಹುದು. ಅಲ್ಲದೆ ಕರ್ನಾಟಕದಲ್ಲಿ ಮದ್ಯದ ಸಗಟು ವ್ಯಾಪಾರವೆಲ್ಲ 2003ರಲ್ಲಿ ಸ್ಥಾಪಿತವಾದ ರಾಜ್ಯ ಪಾನೀಯ ನಿಗಮದ ಮೂಲಕವೇ ನಡೆಯುತ್ತದೆ. ಎಲ್ಲ ಸೀಸೆಗಳೂ ಒಂದೇ ಬಾಗಿಲಿನಿಂದ ಹಾಯ್ದುಬರುವಲ್ಲಿ, ಆ ಬಾಗಿಲಲ್ಲಿ ಒಂದು ಸಾಲನ್ನು ಕೇಳುವುದು ಕಷ್ಟವೇ?

“ಹಾನಿಕರ” ಎಂಬ ಎಚ್ಚರಿಕೆ ಸಾಲದೇ ಎಂದು ಕೇಳಬಹುದು. ಮದ್ಯಸಾರವು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲಿಯೇ ವರ್ಗೀಕರಿಸಿತು. ಯಾವ ಪ್ರಮಾಣವೂ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸಾರಿತು. ಇವು ಸತ್ಯ. ಆದರೆ ಎಲ್ಲ ಸೀಸೆಗಳ ಮೇಲೂ ಒಂದೇ ಪ್ರಕಾರವಾಗಿ ಬರೆದ ವಾಕ್ಯವನ್ನು ಕಣ್ಣು ಬೇಗನೆ ಮರೆಯುತ್ತದೆ. 20 ಮತ್ತು 41 ಎಂಬ ಎರಡು ಅಂಕಿಗಳು ಅಕ್ಕಪಕ್ಕದಲ್ಲಿದ್ದರೆ ಅವು ಹಾಗೆ ಮರೆಯಾಗುವುದಿಲ್ಲ.

ಇದಕ್ಕೆ ಒಂದು ಆಕ್ಷೇಪಣೆಯುಂಟು, ಮತ್ತು ಅದು ಹಗುರವಾದುದಲ್ಲ. ಅದನ್ನು ಎತ್ತಿದವನು ನನ್ನ ಹಳೆಯ ವಿದ್ಯಾರ್ಥಿಯೇ. “ಸಾರ್, ಗ್ರಾಂ ಬರೆದರೆ ಜನ ಜಾಸ್ತಿ ಇರೋದನ್ನೇ ಕೇಳ್ತಾರೆ. ಕೊಟ್ಟ ದುಡ್ಡಿಗೆ ಕಿಕ್ ಎಷ್ಟು ಅಂತಲೇ ಅವರ ಲೆಕ್ಕ” ಎಂದನು. ದಿನಗೂಲಿಯ ಹಣದಲ್ಲಿ ಸೀಸೆ ಕೊಳ್ಳುವವನು ರೂಪಾಯಿಗೆ ಹೆಚ್ಚು ಗ್ರಾಂ ಸಿಗುವುದನ್ನೇ ಆರಿಸುವನೆಂಬುದನ್ನು ನಾನು ಅಲ್ಲಗಳೆಯಲಾರೆ. ಅವನಿಗೆ ಅಂಕಿಯು ಎಚ್ಚರಿಕೆಯಾಗದೆ ಜಾಹೀರಾತೇ ಆದೀತು. ಆದರೂ ಯೋಚಿಸಿ: ಸ್ಟ್ರಾಂಗ್ ಎಂಬ ಶಬ್ದವು ಆ ಜಾಹೀರಾತಿನ ಕೆಲಸವನ್ನು ಇಂದೇ ಮಾಡುತ್ತಿದೆ. ಅಂಕಿಯಿಂದ ಅವನು ಹೊಸದಾಗಿ ಕಲಿಯುವುದು ಏನೂ ಇಲ್ಲ. ಹೊಸದಾಗಿ ಕಲಿಯುವವರು ಬೇರೆ: ಬಿಯರೆಂದರೆ ಸೋಡಾದ ಅಣ್ಣನೆಂದು ತಿಳಿದ ಹುಡುಗ, ಅವನ ತಾಯಿ, ಅವನ ಹಿಂದೆ ಕುಳಿತ ತಂಗಿ. ಬೆಲೆಯ ಆಕರ್ಷಣೆಯನ್ನು ತಗ್ಗಿಸುವುದು ಮುದ್ರಣದ ಕೆಲಸವಲ್ಲ, ಸುಂಕದ ಕೆಲಸ. 2025ರ ಜನವರಿಯಲ್ಲಿ ಕರ್ನಾಟಕ ಸರಕಾರವು ಬಿಯರಿನ ಸುಂಕವನ್ನು ಮದ್ಯಸಾರದ ಪ್ರಮಾಣಕ್ಕೆ ತಕ್ಕಂತೆ ಹಂತಗೊಳಿಸಿದ್ದು ಈ ದಿಕ್ಕಿನಲ್ಲಿ ಸರಿಯಾದ ಹೆಜ್ಜೆಯೆಂದೇ ನಾನು ಎಣಿಸುತ್ತೇನೆ. ಸುಂಕ ಹಾಕುವುದಕ್ಕೆ ಅಳೆಯಬಹುದಾದುದನ್ನು ಕೊಳ್ಳುವವನಿಗೆ ತಿಳಿಸುವುದಕ್ಕೂ ಅಳೆಯಬಹುದಷ್ಟೆ.

ಕ್ರಾಫ್ಟ್ ಬಿಯರಿನ ಅಭಿಮಾನಿಗಳು ಒಂದು ವಿಷಯದಲ್ಲಿ ನಮಗೆ ಪಾಠ ಹೇಳುತ್ತಾರೆಂಬುದನ್ನು ಒಪ್ಪಬೇಕು. ನನ್ನ ಸೋದರಳಿಯನು ಆ ಡಬ್ಬಿಯನ್ನು ತಿರುಗಿಸಿ ಮೊದಲು ನೋಡಿದ್ದು ತಯಾರಿಕೆಯ ದಿನಾಂಕವನ್ನು. ಪಾಶ್ಚರೀಕರಿಸದ ಬಿಯರು ತಂಪಿನಲ್ಲಿರದಿದ್ದರೆ ಬೇಗ ಕೆಡುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಅನೇಕ ರಾಸಾಯನಿಕ ಕ್ರಿಯೆಗಳ ವೇಗ ಎರಡು ಪಟ್ಟಾಗುತ್ತದೆಂಬ ಸ್ಥೂಲ ನಿಯಮವನ್ನು ನೀವು ಓದಿರುತ್ತೀರಿ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ತಗಡಿನ ಮಾಡಿನ ಕೆಳಗೆ ಕಾದ ಡಬ್ಬಿಯ ಗತಿಯೇನು! ಸೀಸೆಗಳು ಕಂದುಬಣ್ಣದವಾಗಿರುವುದಕ್ಕೂ ಕಾರಣವುಂಟು. ಬೆಳಕಿನ ನೀಲಿಭಾಗವು ಹಾಪ್ಸಿನ ಕಹಿದ್ರವ್ಯವನ್ನು ಒಡೆದು, ಗಂಧಕವನ್ನೊಳಗೊಂಡ ಒಂದು ದುರ್ವಾಸನೆಯ ವಸ್ತುವನ್ನು ಹುಟ್ಟಿಸುತ್ತದೆ. ಕಂದುಗಾಜು ಆ ಬೆಳಕನ್ನು ತಡೆಯುತ್ತದೆ. ಇಷ್ಟನ್ನೆಲ್ಲ ನೋಡಿ ಕೊಳ್ಳುವವರು ಗ್ರಾಮನ್ನು ಮಾತ್ರ ಕೇಳಿದುದನ್ನು ನಾನು ಕಂಡಿಲ್ಲ. ರುಚಿಯ ಬಗೆಗೆ ಪಂಡಿತನಾದ ನನ್ನ ಸೋದರಳಿಯನಿಗೂ ಅದು ಲಗ್ನಪತ್ರಿಕೆಯ ಹಿಂಬದಿಯಲ್ಲಿಯೇ ಮೊದಲು ಗೋಚರವಾದದ್ದು.

ಉಪಾಧ್ಯಾಯ ಮಿತ್ರರಲ್ಲಿಯೂ ಒಂದು ಮಾತು. ಹುದುಗುವಿಕೆಯ ಸಮೀಕರಣವನ್ನು ನಾವು ಕರಿಹಲಗೆಯ ಮೇಲೆ ಬರೆಯುತ್ತೇವೆ: 180 ಗ್ರಾಂ ಗ್ಲೂಕೋಸಿನಿಂದ 92 ಗ್ರಾಂ ಮದ್ಯಸಾರ, 88 ಗ್ರಾಂ ಇಂಗಾಲದ ಡೈ ಆಕ್ಸೈಡು. ಹುಡುಗರು ಅದನ್ನು ಬಾಯಿಪಾಠ ಮಾಡುತ್ತಾರೆ. 41 ಗ್ರಾಂ ಮದ್ಯಸಾರಕ್ಕೆ ಎಷ್ಟು ಸಕ್ಕರೆ ಬೇಕೆಂದು ಕೇಳಿದರೆ 80 ಗ್ರಾಂ ಎಂದು ಲೆಕ್ಕ ಮಾಡಿ ಹೇಳಬಲ್ಲರು. ಆ ಬಳಿಕ ಅದು ಯಾವ ಸೀಸೆಯೆಂದೂ, 60 ಕಿಲೋ ಮನುಷ್ಯನ ರಕ್ತದಲ್ಲಿ ಅದು ಎಷ್ಟಾಗುವುದೆಂದೂ ಕೇಳಿದರೆ ಪಾಠವು ತರಗತಿಯಿಂದ ಹೊರಕ್ಕೆ ಹೆಜ್ಜೆಯಿಡುತ್ತದೆ. ಶಾಲೆಗೆ ಸೀಸೆಯನ್ನು ತಂದರೆ ಪೋಷಕರು ಸುಮ್ಮನಿರಲಾರರು, ಇರಲೂಬಾರದು. ಅಂಕಿಗಳನ್ನು ತರುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಅಂದು ನಾವು ಸಂಜೆಯೊಳಗೆ ಹೊಳಲ್ಕೆರೆಗೆ ತಲಪಬೇಕಾಗಿತ್ತು. ಡಬ್ಬಿಯನ್ನು ಕೊಂಡವನು ಅದನ್ನು ಕಾರಿನ ಹಿಂಬದಿಯ ಪೆಟ್ಟಿಗೆಯಲ್ಲಿಟ್ಟು, ಮದುವೆ ಮುಗಿದು ಬೆಂಗಳೂರು ಸೇರುವವರೆಗೆ ಮುಟ್ಟಲಿಲ್ಲ. ಬಿಸಿಲಿನಲ್ಲಿ ಅದರ ರುಚಿ ಕೆಟ್ಟಿತ್ತೆಂದು ಆಮೇಲೆ ದೂರವಾಣಿಯಲ್ಲಿ ಗೊಣಗಿದನು. ಲಗ್ನಪತ್ರಿಕೆಯನ್ನು ಅಂಗಡಿಯ ಯುವಕನು, “ಇದು ನನ್ನ ಹತ್ತಿರ ಇರಲಿ ಸಾರ್” ಎಂದು ಇಸಿದುಕೊಂಡಿದ್ದನು. ಹೋದ ವಾರ ಆ ಬೀದಿಯಲ್ಲಿ ಹೋಗುವಾಗ ನೋಡಿದೆ. ಅದನ್ನು ಕಟಕಟೆಯ ಗಾಜಿಗೆ ಒಳಗಿನಿಂದ ಅಂಟಿಸಿದ್ದಾನೆ. ವಧೂವರರ ಹೆಸರು ಅವನ ಕಡೆಗೆ, ಲೆಕ್ಕ ಗಿರಾಕಿಗಳ ಕಡೆಗೆ. 41 ಎಂಬ ಅಂಕಿಯ ಕೆಳಗೆ ಯಾರೋ ಪೆನ್ನಿನಿಂದ ಎರಡು ಗೆರೆ ಎಳೆದಿದ್ದಾರೆ. ಎಚ್ಚರಿಕೆಗಾಗಿಯೋ, ಆಯ್ಕೆಗಾಗಿಯೋ ತಿಳಿಯದು. ಅಂಗಡಿಯಲ್ಲಿ ಜನ ಬಹಳ ಇದ್ದುದರಿಂದ ಕೇಳಲಾಗಲಿಲ್ಲ.